ಎಐ ಇಲ್ಲದೆ ಕೆತ್ತಿದ ಒಂದು ಮುಖ

ಚೀಟಿಯ ಮೇಲೆ ಏನು ಬರೆಯಬೇಕು ಅನ್ನುವುದರಲ್ಲೇ ನಮಗೆ ಬಹಳ ದಿನ ಕಳೆದುಹೋಯಿತು. ಹಳೇಬೀಡಿನಿಂದ ಬಸ್ತಿಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡಿದೆ. ಅಲ್ಲಿ ನಾಲ್ಕೈದು ಜನ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ವಿಗ್ರಹ ಕೆತ್ತುತ್ತಾರೆ. ಅದನ್ನು ಮಾರುವ ಕೆಲಸ ನನ್ನದು. ಅರಸೀಕೆರೆಯಲ್ಲಿ ಬಸ್ಸು ಹತ್ತಿ ಜಾವಗಲ್ ಮೇಲೆ ಬರುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಮಿಷನ್ನಿನಲ್ಲಿ ಕೊರೆದ ವಿಗ್ರಹಗಳು ಅಗ್ಗಕ್ಕೆ ಬರಲು ಶುರುವಾದ ಮೇಲೆ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ಕಮ್ಮಿಯಾಗಿತ್ತು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ಮಳಿಗೆಯ ಮೇಡಂ ಫೋನ್ ಮಾಡಿ, "ಎಐ ಮುಟ್ಟದ ಸಾಮಾನು ಅಂತ ಚೀಟಿ ಕಟ್ಟಿ ಕಳಿಸಿ. ಈಗ ಜನ ಅದನ್ನೇ ಕೇಳ್ತಿದಾರೆ. ಮಳಿಗೆಯಲ್ಲಿ ಒಂದು ಇಡೀ ಗೋಡೆ ನಿಮಗೇ ಬಿಡ್ತೀನಿ" ಅಂದರು.

ನಾನು ಕುಣಿದಾಡಿದೆ. ಶೆಡ್ಡಿನ ಹಿರಿಯ ಶಿಲ್ಪಿಗೆ, ನಾವೆಲ್ಲ ಆಚಾರ್ರು ಅನ್ನುವವರಿಗೆ, ಇದನ್ನು ಹೇಳಿದರೆ ಅವರು ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನನ್ನನ್ನೇ ನೋಡಿದರು.

"ಅಲ್ಲ ಮೇಡಮ್ಮೋರೇ, ಉಪ್ಪಿಟ್ಟಿಗೆ ಉಪ್ಪು ಹಾಕಿದೀನಿ ಅಂತ ಹೇಳ್ಕೊಬೋದು. ಸೀಮೆಣ್ಣೆ ಹಾಕಿಲ್ಲ ಅಂತಾನೂ ಬೋರ್ಡ್ ಬರೆಸ್ಬೇಕಾ?"

"ಪಕ್ಕದ ಹೋಟೆಲಿನವನು ಹಾಕ್ತಿದ್ರೆ ಬರೆಸ್ಬೇಕು ಆಚಾರ್ರೇ."

"ಹಂಗಾದ್ರೆ ಬರೆಸಿ. ನನ್ನದೇನೈತೆ, ಕಲ್ಲಂತೂ ಓದಕ್ಕಿಲ್ಲ."

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುವಂತೆ ನಾನು ನಿಯಮಗಳನ್ನು ಮಾಡಿದ್ದೇ ಮಾಡಿದ್ದು. ಚಿತ್ರವನ್ನು ಪೆನ್ಸಿಲ್ಲಿನಲ್ಲಿ ಕೈಯಾರೆ ಬರೆಯಬೇಕು. ಕಲ್ಲಿನ ಮೇಲೆ ಕಾವಿಯಲ್ಲಿ ಗೆರೆ ಎಳೆಯಬೇಕು. ಕೆತ್ತುವುದು ಉಳಿ, ಸುತ್ತಿಗೆ, ಅರಗಳಿಂದಲೇ. ಕಲ್ಲನ್ನು ಸುಮಾರಾಗಿ ಒಡೆಯಲು ಕರೆಂಟಿನ ಕಟ್ಟರ್ ಬಳಸುತ್ತಾರಲ್ಲ, ಅದು ನಡೆಯುತ್ತದೆಯೋ ಇಲ್ಲವೋ ಅಂತ ದೊಡ್ಡ ಜಗಳವೇ ಆಯಿತು. ಕೊನೆಗೆ ಆಚಾರ್ರೇ ತೀರ್ಪು ಕೊಟ್ಟರು: "ಕಟ್ಟರ್ರು ಯೋಚನೆ ಮಾಡಕ್ಕಿಲ್ಲ, ನಮ್ಮ ಅಳಿಯನ ಥರ. ತೋರಿಸಿದ ಕಡೆ ಕುಯ್ತದೆ. ಇರ್ಲಿ." ಮಾರುವಾಗ ಹಾಕುವ ಮಾತುಗಳನ್ನು ನಾನೇ ಬರೆಯಬೇಕು, ಫೋಟೋಗಳನ್ನು ಇದ್ದದ್ದು ಇದ್ದ ಹಾಗೆ ತೆಗೆಯಬೇಕು ಅನ್ನುವುದೂ ನಿಯಮಗಳಲ್ಲಿ ಸೇರಿತು.

ಆ ಫೋಟೋದಲ್ಲೇ ಮೊದಲು ಎಡವಿದೆವು. ನನ್ನ ಫೋನಿನಲ್ಲಿ ಒಂದು ಮದನಿಕೆಯ ಚಿತ್ರ ತೆಗೆದು ಆಚಾರ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ನಂದಲ್ಲ" ಅಂದರು. ತಮಾಷೆ ಅಂದುಕೊಂಡೆ. ವಿಗ್ರಹವನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಅರ್ಥವಾಯಿತು. ಕೆನ್ನೆಯ ಮೇಲಿನ ಉಳಿಯ ಗುರುತುಗಳನ್ನು ಫೋನು ತನ್ನಷ್ಟಕ್ಕೆ ಒರೆಸಿ ಹಾಕಿತ್ತು. ಕಲ್ಲಿನ ಹೆಣ್ಣಿಗೂ ಅದು ಪೌಡರ್ ಬಳಿದಿತ್ತು. ಸೆಟ್ಟಿಂಗು ಹುಡುಕಿ ಹುಡುಕಿ ಒಂದೊಂದನ್ನೇ ಆಫ್ ಮಾಡಿದೆ, ಆದರೂ ಪೂರ್ತಿ ಬಿಡಲಿಲ್ಲ. ಎಐ ಇಲ್ಲ ಅಂತ ಸಾಕ್ಷಿ ಹೇಳಬೇಕಾದ ಫೋಟೋದಲ್ಲೇ ಎಐ ಕೂತಿತ್ತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನಗೆ ಪರಿಚಯದ ಒಬ್ಬ ಸ್ಟುಡಿಯೋದವನಿದ್ದ. ಹಿಂದೆ ಮದುವೆಗಳಿಗೆ ಒಯ್ಯುತ್ತಿದ್ದ ಹಳೆಯ ಕ್ಯಾಮೆರಾವನ್ನು ಅವನಿಂದ ಕೇಳಿ ತಂದೆ. ಅದು ಕಂಡದ್ದನ್ನು ಕಂಡ ಹಾಗೆ ತೋರಿಸಿತು. ಚೀಟಿ ಅಚ್ಚಾಯಿತು: "ಎಐ ಬಳಸದೆ, ಮನುಷ್ಯರ ಕೈಯಲ್ಲಿ ಮಾಡಿದ್ದು."

ಆ ದಿನಗಳಲ್ಲೇ ಗೆಂಡೆಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಟೀಚರೊಬ್ಬರು ಶೆಡ್ಡಿಗೆ ಬಂದರು. ಅವರ ತಂದೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಎಲ್ಲರೂ ಅವರನ್ನು ಯಜಮಾನರು ಅನ್ನುತ್ತಿದ್ದರು. ಟೀಚರ ತಾಯಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಊರ ಹೊರಗಿನ ತೆಂಗಿನ ತೋಟದಲ್ಲಿ ಸಮಾಧಿ ಮಾಡಿದ್ದರು. ವರ್ಷದ ಪುಣ್ಯಸ್ಮರಣೆಯ ಹೊತ್ತಿಗೆ ಸಮಾಧಿಯ ತಲೆಯ ಕಡೆ ಆಕೆಯ ಮುಖವಿರುವ ಒಂದು ಕಲ್ಲಿನ ಫಲಕ ನಿಲ್ಲಿಸಬೇಕು ಅನ್ನುವುದು ಯಜಮಾನರ ಆಸೆ.

"ಮಿಷನ್ನಿಂದು ಬೇಡ್ವೇ ಬೇಡ ಅಂತಾರೆ ಅಪ್ಪಾಜಿ. ಕೈಯಲ್ಲೇ ಮಾಡ್ಬೇಕಂತೆ. ಅವ್ವ ಮಿಕ್ಸಿ ಚಟ್ನಿ ಕೂಡ ತಿಂತಿರ್ಲಿಲ್ಲ" ಅಂತ ಟೀಚರ್ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಕವರಿನಿಂದ ಒಂದು ಫೋಟೋ ತೆಗೆದುಕೊಟ್ಟರು. ದುಂಡು ಮುಖ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು, ತುಟಿಯಲ್ಲಿ ಸಣ್ಣ ನಗು. ಇದು ಎಲ್ಲಿಯ ಫೋಟೋ ಅಂತ ಕೇಳಿದೆ.

"ನೆಂಟರ ಮದುವೇಲಿ ತೆಗೆದ ಗುಂಪು ಫೋಟೋ ಇತ್ತು. ಹನ್ನೊಂದನೇ ದಿನಕ್ಕೆ ಅಂತ ಸ್ಟುಡಿಯೋದಲ್ಲಿ ಕ್ಲೀನ್ ಮಾಡಿಸಿ ದೊಡ್ಡದು ಮಾಡಿಸಿದ್ವಿ. ಮನೇಲೂ ಇದನ್ನೇ ಹಾಕಿದೀವಿ."

ನಮ್ಮ ಕಡೆ ತೀರಿಕೊಂಡವರ ಫೋಟೋವನ್ನು ಕ್ಲೀನ್ ಮಾಡಿಸುವುದು ಇವತ್ತಿನದಲ್ಲ. ಪಕ್ಕದಲ್ಲಿ ನಿಂತವರನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಹರಿದ ಮೂಲೆ ತಿದ್ದಿ ಕೊಡುತ್ತಿದ್ದ ಸ್ಟುಡಿಯೋಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನನಗೂ ಏನೂ ಅನ್ನಿಸಲಿಲ್ಲ, ಆಚಾರ್ರಿಗೂ ಅನ್ನಿಸಲಿಲ್ಲ. ನಮ್ಮ ನಿಯಮಗಳೆಲ್ಲ ಪೆನ್ಸಿಲ್ಲಿನಿಂದ ಶುರುವಾಗುತ್ತಿದ್ದವು.

ಆಚಾರ್ರು ಫೋಟೋದ ಮೇಲೆ ಚೌಕುಳಿ ಎಳೆದರು. ಕಲ್ಲಿನ ಮೇಲೆ ಅದೇ ಚೌಕುಳಿಗಳನ್ನು ದೊಡ್ಡದಾಗಿ ಕಾವಿಯಲ್ಲಿ ಗುರುತು ಮಾಡಿದರು. ಮೊದಲು ಮೂಗಿನ ತುದಿ, ಯಾಕೆಂದರೆ ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಅದೇ. ಅಲ್ಲಿಂದ ಒಳಗೊಳಗೆ ಇಳಿಯುತ್ತ ಕೆನ್ನೆ, ಗಲ್ಲ, ಬಾಯಿ. ಕಣ್ಣು ಕೊನೆಗೆ. ಬಳಪದ ಕಲ್ಲು ಗಣಿಯಿಂದ ಬಂದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಶುರು ಮಾಡಿದ ಮುಖವನ್ನು ತಿಂಗಳುಗಟ್ಟಲೆ ಬಿಡುವ ಹಾಗಿಲ್ಲ. ಒದ್ದೆ ಗೋಣಿ ಹೊದಿಸಿ ಹೊದಿಸಿ ಕೆಲಸ ಮಾಡುತ್ತಿದ್ದರು.

ಆಚಾರ್ರದ್ದು ಒಂದು ಕಟ್ಟುನಿಟ್ಟು ಇತ್ತು. ಅರ್ಧ ಕೆತ್ತಿದ ಮುಖವನ್ನು ಮನೆಯವರಿಗೆ ತೋರಿಸುವುದಿಲ್ಲ. ಅವರ ಅಪ್ಪನ ಕಾಲದಿಂದ ಬಂದದ್ದಂತೆ. "ಅರೆ ಮುಖ ನೋಡಿದೋರು ಅದನ್ನೇ ಮನಸ್ಸಲ್ಲಿ ಇಟ್ಕೊಂಬುಡ್ತಾರೆ ಮೇಡಮ್ಮೋರೇ. ಆಮೇಲೆ ನಿಜವಾದ ಮುಖ ಬರಾದೇ ಇಲ್ಲ." ನಿಲ್ಲಿಸಿ ಪೂಜೆ ಮಾಡುವ ದಿನವೇ ಬಟ್ಟೆ ಸರಿಸಬೇಕು. ಮನೆಯವರೂ ಇದನ್ನು ಒಪ್ಪಿದರು.

ಯಜಮಾನರು ಒಮ್ಮೆ ತಡೆಯಲಾರದೆ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಟವೆಲ್ಲು. ಒಳಗೆ ಕಾಲಿಡದೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು. ಆಚಾರ್ರು ಕೈ ಒರೆಸಿಕೊಂಡು ಹೋಗಿ ಎದುರಿಗೆ ಕೂತರು. ನಾನು ಟೀ ತರಿಸಿದೆ.

"ಬಾಯಿ ಆಯ್ತಾ ಆಚಾರ್ರೇ?"

"ಆಯ್ತು ಯಜಮಾನ್ರೇ. ನಗ್ತಾ ಅವ್ರೆ."

ಯಜಮಾನರು ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ನಗ್ತಿದ್ಲು. ನಗ್ತಿದ್ಲು ಕಣ್ರೀ. ಸೆರಗಿನೊಳಗೆ" ಅಂದರು. ನಾಚಿಕೆಯ ಸ್ವಭಾವ ಇರಬೇಕು ಅಂದುಕೊಂಡು ನಾವಿಬ್ಬರೂ ತಲೆಯಾಡಿಸಿದೆವು.

ಈ ಕಥೆ ಮಳಿಗೆಯ ಮೇಡಂ ಕಿವಿಗೆ ಬಿದ್ದಾಗ ಅವರು ಹಿಗ್ಗಿಹೋದರು. ಹೆಂಡತಿಯ ಮುಖವನ್ನು ಮಿಷನ್ನು ಮುಟ್ಟಬಾರದು ಅಂದ ಗಂಡ! ಬಟ್ಟೆ ಸರಿಸುವ ಗಳಿಗೆಯನ್ನು ವಿಡಿಯೋ ಮಾಡಿಕೊಡಿ, ಗೋಡೆಯ ನಡುವೆ ಅದನ್ನೇ ಓಡಿಸೋಣ ಅಂದರು. ಯಜಮಾನರನ್ನು ಕೇಳಿದೆ. "ಆಚಾರ್ರಿಗೆ ಒಳ್ಳೇದಾಗಾದಾದ್ರೆ ತೆಕ್ಕೊಳಮ್ಮ" ಅಂದರು. ಅಷ್ಟು ಒಳ್ಳೆಯ ಮನುಷ್ಯ.

ಪುಣ್ಯಸ್ಮರಣೆಯ ಬೆಳಿಗ್ಗೆ ತೋಟದಲ್ಲಿ ನೆಂಟರೆಲ್ಲ ಸೇರಿದ್ದರು. ಅಯ್ಯನೋರು ಪೂಜೆ ಮುಗಿಸಿದರು. ನಾನು ಹಳೇ ಕ್ಯಾಮೆರಾ ಹಿಡಿದು ಒಂದು ತೆಂಗಿನ ಬುಡಕ್ಕೆ ಒರಗಿ ನಿಂತಿದ್ದೆ. ಫಲಕದ ಒಂದು ಮೂಲೆಗೆ ನಮ್ಮ ಚೀಟಿಯನ್ನು ನೂಲಿನಲ್ಲಿ ಕಟ್ಟಿದ್ದೆ, ವಿಡಿಯೋದಲ್ಲಿ ಕಾಣಲಿ ಅಂತ. ಟೀಚರ್ ಬಟ್ಟೆ ಸರಿಸಿದರು. ಹೆಂಗಸರು ಒಮ್ಮೆಗೇ ಉಸಿರೆಳೆದುಕೊಂಡರು. "ಅಯ್ಯೋ ಶಿವನೇ, ಎದ್ದು ಬಂದಂಗೈತೆ" ಅಂತ ಒಬ್ಬ ಅಜ್ಜಿ ಅತ್ತರು. ಆಚಾರ್ರು ದೂರದಲ್ಲಿ ಕೈಕಟ್ಟಿ ನಿಂತು ನೆಲ ನೋಡುತ್ತಿದ್ದರು. ಅವರಿಗೆ ಹೊಗಳಿಕೆ ಅಂದರೆ ಸಂಕೋಚ.

ಯಜಮಾನರು ಮುಂದೆ ಬಂದು ಮೂರು ಬೆರಳಿನಲ್ಲಿ ಕಲ್ಲಿನ ಹಣೆಗೆ ವಿಭೂತಿ ಹಚ್ಚಿದರು. ಆಮೇಲೆ ಅವರ ಕೈ ಕೆನ್ನೆಗೆ ಇಳಿಯಿತು. ಕೊಬ್ಬರಿಯನ್ನು ಮುಟ್ಟಿ ಮುಟ್ಟಿ ವಿಂಗಡಿಸಿದ ಕೈ ಅದು, ಏನು ಸಿಕ್ಕರೂ ಮುಟ್ಟಿಯೇ ನೋಡುತ್ತದೆ. ಹೆಬ್ಬೆರಳು ಮೇಲ್ತುಟಿಯ ಮೇಲೆ ಹೋಗಿ ನಿಂತಿತು. ಒಮ್ಮೆ ಸವರಿದರು. ಮತ್ತೊಮ್ಮೆ ಸವರಿದರು. ವಿಭೂತಿ ಅಂಟಿದ್ದರೆ ಹೋಗಲಿ ಅನ್ನುವ ಹಾಗೆ ಪಂಚೆಯ ಅಂಚಿನಿಂದ ಒರೆಸಿ ಇನ್ನೊಮ್ಮೆ ಸವರಿದರು.

"ಗೆರೆ ಎಲ್ಲಿ?" ಅಂದರು.

ಯಾರಿಗೂ ಅರ್ಥವಾಗಲಿಲ್ಲ. ಟೀಚರ್ ಮಾತ್ರ ಬಿಳಿಚಿಕೊಂಡು ಅವರ ತೋಳು ಹಿಡಿದರು. "ಅಪ್ಪಾಜಿ, ಆಮೇಲೆ ಮಾತಾಡೋಣ."

"ಇವಳ ತುಟಿ ಹೊಲಿದಿದ್ರಲ್ಲ. ಹುಟ್ಟುವಾಗ ಸೀಳಿತ್ತಲ್ಲ. ಹೊಲಿಗೆ ಗೆರೆ ಎಲ್ಲಿ? ಆಚಾರ್ರೇ, ಇದ್ಯಾರು?"

ನಾನು ಕ್ಯಾಮೆರಾ ಕೆಳಗಿಳಿಸಿದೆ. ಆಚಾರ್ರು ತಲೆಯೆತ್ತಿ ನನ್ನನ್ನು ನೋಡಿದರು. "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಚೆನ್ನಾಗೇ ಐತೆ ಬಿಡಪ್ಪ" ಅಂತ ಯಾರೋ ಹಿರಿಯರು ಸಮಾಧಾನ ಹೇಳಲು ಹೋದರು. ಯಜಮಾನರು ಕಲ್ಲಿನಿಂದ ಕೈ ತೆಗೆಯಲೇ ಇಲ್ಲ. ಊಟಕ್ಕೆ ಎಲೆ ಹಾಕಿದಾಗಲೂ ಅಲ್ಲೇ ಕೂತಿದ್ದರು. ಸಂಜೆಗೆ ಫಲಕಕ್ಕೆ ಮತ್ತೆ ಬಟ್ಟೆ ಹೊದಿಸಿದರು.

ಮಾರನೇ ದಿನ ಟೀಚರನ್ನು ಕರೆದುಕೊಂಡು ಸ್ಟೇಷನ್ ರಸ್ತೆಗೆ ಹೋದೆ. ಫೋಟೋ ಕ್ಲೀನ್ ಮಾಡಿದ್ದು ನನಗೆ ಕ್ಯಾಮೆರಾ ಕೊಟ್ಟ ಅದೇ ಸ್ಟುಡಿಯೋದವನು. ಅವನು ಮುಚ್ಚುಮರೆ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಮೂಲ ಫೋಟೋ ತೆರೆದು ತೋರಿಸಿದ. ಮದುವೆಯ ಗುಂಪು. ಮೂಲೆಯಲ್ಲಿ ಆ ತಾಯಿ, ಸೆರಗನ್ನು ಮೂಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಾರೆ. ಕಣ್ಣು ಮಾತ್ರ ನಗುತ್ತಿದೆ.

"ಸೆರಗು ಅಡ್ಡ ಬಂದಿತ್ತಲ್ಲ ಮೇಡಂ. ತೆಗೆದುಬಿಡು ಅಂತ ಎಐಗೆ ಹೇಳಿದೆ. ತೆಗೆದು ಬಾಯಿ ಕೂರಿಸ್ತು. ಈಗೆಲ್ಲ ಹಂಗೇ ಮಾಡೋದು."

"ಯಾರ ಬಾಯಿ ಅದು?"

"ಯಾರದ್ದೂ ಅಲ್ಲ ಮೇಡಂ. ಅದೇ ಮಾಡ್ಕೊಳ್ತದೆ." ಅವನು ಟೀಚರ ಮುಖ ನೋಡಿ ಮೆತ್ತಗಾದ. "ನಂಗೇನು ಗೊತ್ತಿತ್ತಕ್ಕ? ನೀವೂ ನೋಡಿ ಚೆನ್ನಾಗಿದೆ ಅಂದ್ರಿ."

ಟೀಚರ್ ಹೌದು ಅಂದರು. ಆ ದಿನ ಮನೆಯಲ್ಲಿ ಸಾವು, ಅಡುಗೆ, ನೆಂಟರು. ಅವ್ವ ಒಮ್ಮೆಯಾದರೂ ಮುಚ್ಚಿಕೊಳ್ಳದೆ ನಗುವುದನ್ನು ಕಂಡು ಅವರಿಗೆ ಹೊಟ್ಟೆ ತಣ್ಣಗಾಗಿತ್ತಂತೆ. ಅದಕ್ಕೇ ಹಾಗೇ ಇರಲಿ ಅಂದಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸ್ಟುಡಿಯೋದವನ ಮೇಲೂ ಬರಲಿಲ್ಲ. ಬೈಯಲು ಒಬ್ಬರೂ ಸಿಕ್ಕದ ದುಃಖ ಬಹಳ ಕೆಟ್ಟದ್ದು.

ಮಳಿಗೆಯ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಕೆತ್ತಿದ್ದು ಕೈಯಲ್ಲಿ ತಾನೇ? ಚೀಟಿ ಸುಳ್ಳಲ್ಲ. ವಿಡಿಯೋ ಅರ್ಧ ಸಾಕು, ಬಟ್ಟೆ ಸರಿಸೋವರೆಗೆ ಕಳಿಸಿ."

"ಬಾಯಿ ಎಐ ಮಾಡಿದ್ದು ಮೇಡಂ. ನಮ್ಮ ಆಚಾರ್ರು ಅದನ್ನು ನೋಡಿ ಕೆತ್ತಿದ್ದಾರೆ."

"ಅದು ಯಾರಿಗೆ ಗೊತ್ತಾಗುತ್ತೆ?"

ಆ ತಾಯಿಯ ಗಂಡನಿಗೆ ಗೊತ್ತಾಯಿತು ಅಂದೆ. ಆ ಮಧ್ಯಾಹ್ನವೇ ತೋಟಕ್ಕೆ ಹೋಗಿ ಫಲಕದ ಮೂಲೆಯಿಂದ ಚೀಟಿಯನ್ನು ಕತ್ತರಿಸಿದೆ. ವಿಡಿಯೋ ಕಳಿಸಲಿಲ್ಲ. ಶೆಡ್ಡಿನಲ್ಲಿದ್ದ ಬೇರೆ ಸಾಮಾನುಗಳಲ್ಲೂ ಯಾರೋ ಕೊಟ್ಟ ಚಿತ್ರ ನೋಡಿ ಕೆತ್ತಿದ್ದಕ್ಕೆಲ್ಲ ಚೀಟಿ ಬಿಚ್ಚಿದೆ. ಆ ಚಿತ್ರಗಳು ಎಲ್ಲಿ ಹುಟ್ಟಿದವೋ ನನಗೇನು ಗೊತ್ತು. ಚೀಟಿ ಉಳಿದದ್ದು ಬೆರಳೆಣಿಕೆಯಷ್ಟಕ್ಕೆ. ಸ್ವಲ್ಪ ದಿನದಲ್ಲಿ ಮಳಿಗೆಯ ಆ ಗೋಡೆ ಬೇರೆ ಯಾರದ್ದೋ ಪಾಲಾಯಿತು ಅಂತ ಸುದ್ದಿ ಬಂತು. ಶೆಡ್ಡಿನವರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಆಚಾರ್ರು ಮಾತ್ರ ಆ ವಾರವೆಲ್ಲ ಉಳಿ ಮುಟ್ಟಲಿಲ್ಲ. "ಬಸ್ಸು ತಪ್ಪು ಊರಿಗೆ ಹೋದ್ರೆ ಡ್ರೈವರ್ರು ಚೆನ್ನಾಗಿ ಓಡಿಸ್ದ ಅಂತ ಏನ್ ಬಂತು ಮೇಡಮ್ಮೋರೇ? ನನ್ನ ಕೈ ಇವತ್ತಿನವರ್ಗೂ ಯಾರ ಸುಳ್ಳಿಗೂ ಸಾಕ್ಷಿ ಹೇಳಿರ್ಲಿಲ್ಲ" ಅಂದರು. ಇರುವ ಫಲಕದಲ್ಲೇ ತುಟಿಯ ಮೇಲೆ ಒಂದು ಗೆರೆ ಕೊರೆಯಬಹುದಲ್ಲ ಅಂತ ನಾನು ಕೇಳಿದೆ. ಕಣ್ಣು ಬಿಡಿಸಿ ಪೂಜೆಯಾದ ಮುಖಕ್ಕೆ ಮತ್ತೆ ಉಳಿ ತಾಗಿಸುವ ಹಾಗಿಲ್ಲ ಅಂದರು. ಸೀಳಿದ್ದನ್ನು ಹೊಲಿದ ತುಟಿ ಅಂದರೆ ಬರೀ ಗೆರೆಯೂ ಅಲ್ಲ. ತುಟಿ ಒಂದು ಕಡೆ ಚೂರು ಮೇಲೆ ಸೆಳೆದಿರುತ್ತದೆ, ಆ ಕಡೆಯ ಮೂಗಿನ ಹೊಳ್ಳೆ ಚೂರು ಅಗಲವಾಗಿರುತ್ತದೆ. ಕಲ್ಲಿನಲ್ಲಿ ತೆಗೆಯಬಹುದೇ ಹೊರತು ಸೇರಿಸಲು ಬರುವುದಿಲ್ಲ. ಹೊಸ ಕಲ್ಲಿನಲ್ಲಿ ಮೊದಲಿಂದ ಮಾಡುತ್ತೇನೆ, ಅದಕ್ಕೂ ಮೊದಲು ಜೇಡಿಮಣ್ಣಿನಲ್ಲಿ ಮಾಡಿ ಮನೆಯವರಿಗೆ ತೋರಿಸುತ್ತೇನೆ ಅಂದರು. ಅರ್ಧ ಮುಖ ತೋರಿಸುವುದಿಲ್ಲ ಅನ್ನುವ ಅಪ್ಪನ ಕಾಲದ ಕಟ್ಟನ್ನು ಅವರು ಮುರಿದದ್ದು ಆಗಲೇ.

ಇದಕ್ಕೆ ಟೀಚರ್ ಒಪ್ಪಲಿಲ್ಲ. ಯಜಮಾನರ ಮನೆಯ ಪಡಸಾಲೆಯಲ್ಲಿ ಅಪ್ಪ ಮಗಳ ಜಗಳ ನನ್ನೆದುರಿಗೇ ಆಯಿತು. ಗೋಡೆಯ ಮೇಲೆ ಹಾರ ಹಾಕಿದ ಆ ಫೋಟೋ ನಗುತ್ತಿತ್ತು.

"ಅವ್ವ ಜೀವಮಾನವೆಲ್ಲ ಮುಚ್ಕೊಂಡ್ಲು ಅಪ್ಪಾಜಿ. ನನ್ನ ಸ್ಕೂಲಿಗೆ ಒಂದಿನ ಬರ್ಲಿಲ್ಲ, ಮಕ್ಕಳು ಆಡ್ಕೊಳ್ತಾರೆ ಅಂತ. ಈಗ ಸತ್ತ ಮೇಲೆ ಕಲ್ಲಲ್ಲಿ ಕೆತ್ತಿ ಊರಿಗೆಲ್ಲ ತೋರಿಸ್ತೀರಾ?"

"ಊರಿಗಲ್ಲ ಕಣವ್ವ. ನಂಗೆ."

"ಚೆನ್ನಾಗಿರೋ ಬಾಯಿ ಒಂದು ಸಲನಾದ್ರೂ ಸಿಕ್ತಲ್ಲ ಅವಳಿಗೆ."

"ಅವಳ ಬಾಯಿ ಚೆನ್ನಾಗಿತ್ತು" ಅಂದರು ಯಜಮಾನರು. ದನಿ ಏರಿಸಲಿಲ್ಲ. "ಊರಿಗೆ ಮುಚ್ಕೊತಿದ್ಲು. ನನ್ನೆದುರಿಗೆ ಮುಚ್ಕೊತಿರ್ಲಿಲ್ಲ. ಅದೊಂದು ನಂಗೇ ಅಂತ ಇತ್ತು. ಅದ್ನೇ ತೆಗ್ದಾಕಿದ್ರಲ್ಲ."

ಟೀಚರ್ ಅಪ್ಪನ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ನಾನು ಅಂಗಳಕ್ಕೆ ಹೋಗಿ ಬಸ್ಸಿನ ಹೊತ್ತು ನೋಡುವ ನೆಪ ಮಾಡಿ ಅತ್ತೆ.

ಜೇಡಿಮಣ್ಣಿನ ಮುಖ ಸಿದ್ಧವಾದ ದಿನ ಇಬ್ಬರೂ ಶೆಡ್ಡಿಗೆ ಬಂದರು. ಆಚಾರ್ರು ಕಣ್ಣು, ಹಣೆ, ಕೆನ್ನೆ ಎಲ್ಲವನ್ನೂ ಮದುವೆ ಫೋಟೋ ನೋಡಿಯೇ ಮಾಡಿದ್ದರು. ಬಾಯಿಯ ಜಾಗದಲ್ಲಿ ಬರೀ ಮಣ್ಣಿನ ಉಬ್ಬು ಬಿಟ್ಟಿದ್ದರು. ಯಜಮಾನರನ್ನು ಎದುರಿಗೆ ಕೂರಿಸಿಕೊಂಡು ಕೈ ಒದ್ದೆ ಮಾಡಿಕೊಂಡರು.

"ಹೇಳಿ ಯಜಮಾನ್ರೇ. ಗೆರೆ ಯಾವ ಕಡೆ ಇತ್ತು?"

ಯಜಮಾನರ ಕೈ ಥಟ್ಟನೆ ಎದ್ದಿತು. ಬಲಗಡೆ ತೋರಿಸಿತು. ಆಚಾರ್ರು ಅಲ್ಲಿ ಮಣ್ಣನ್ನು ಒತ್ತಿ ತುಟಿ ಚೂರು ಮೇಲಕ್ಕೆ ಎಳೆದರು. ಯಜಮಾನರು ನೋಡಿದರು. ತಲೆ ವಾಲಿಸಿ ನೋಡಿದರು. "ಅವಳ ಬಲವೋ, ನನ್ನ ಬಲವೋ..." ಅಂದರು.

ಆಚಾರ್ರು ಅದನ್ನು ಅಳಿಸಿ ಆ ಕಡೆ ಮಾಡಿದರು. ಯಜಮಾನರು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದರು. ಮತ್ತೆ ಈ ಕಡೆ ಮಾಡಿಸಿದರು. ಮತ್ತೆ ಆ ಕಡೆ. ಮಣ್ಣು ಮೆತ್ತಗಾಗುತ್ತ ಬಂತು.

"ನೀನು ಹೇಳವ್ವ" ಅಂತ ಮಗಳ ಕಡೆ ತಿರುಗಿದರು.

"ಎಡಗಡೆ ಅಪ್ಪಾಜಿ. ಎಡಗಡೇನೇ..." ಟೀಚರ್ ತಮ್ಮ ತುಟಿಯನ್ನು ಮುಟ್ಟಿಕೊಂಡರು, ಎದುರಿಗೆ ಅವ್ವ ನಿಂತ ಹಾಗೆ ಕಲ್ಪಿಸಿಕೊಂಡು ಕೈಯನ್ನು ಅತ್ತಿತ್ತ ಆಡಿಸಿದರು. ಆಮೇಲೆ ಆ ಕೈ ಮಡಿಲಿಗೆ ಬಿತ್ತು. "ನಂಗೂ ಈಗ ಗೊತ್ತಾಗ್ತಿಲ್ಲ."

ಆಧಾರ್ ಕಾರ್ಡನ್ನು ತಂದಿದ್ದರು. ಅದರಲ್ಲಿ ಮೂಗಿನಿಂದ ಕೆಳಗೆ ಬರೀ ಕಪ್ಪು ಮಸಿ. ಆಧಾರ್ ಫೋಟೋ ನೋಡಿ ಹೆತ್ತ ತಾಯಿಯನ್ನು ಗುರುತು ಹಿಡಿದವರು ಯಾರಿದ್ದಾರೆ? ಬೇರೆ ಫೋಟೋಗಳಲ್ಲೆಲ್ಲ ಸೆರಗು, ಇಲ್ಲವೇ ತಗ್ಗಿಸಿದ ತಲೆ. ಆಕೆಯ ತುಟಿ ಹೊಲಿಸಿದ ಅಪ್ಪ ಅಮ್ಮ ಎಂದೋ ಹೋಗಿದ್ದರು. ಒಡಹುಟ್ಟಿದವರಿರಲಿಲ್ಲ. ನೆಂಟರನ್ನು ಕೇಳಿದರೆ ಅರ್ಧ ಜನ ಎಡ, ಅರ್ಧ ಜನ ಬಲ. ಆಕೆಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವರು ಇವರಿಬ್ಬರೇ.

"ಮೊದಮೊದಲು ಗೊತ್ತಿತ್ತು ಕಣಮ್ಮ" ಅಂತ ಯಜಮಾನರು ನನಗೆ ಹೇಳಿದರು. "ಫೋಟೋ ತಂದು ತಗುಲಾಕಿದ ದಿವ್ಸ ಏನೋ ಬ್ಯಾರೆ ಥರ ಐತಲ್ಲ ಅನ್ನಿಸ್ತು. ಫೋಟೋದಾಗೆ ಎಲ್ರೂ ಬ್ಯಾರೆ ಥರಾನೇ ಕಾಣ್ತಾರೆ ಅಂತ ಸುಮ್ಮನಾದೆ. ದಿನಾ ಬೆಳಿಗ್ಗೆ ಎದ್ದು ಹೂವ ಇಟ್ಟು ಅದನ್ನೇ ನೋಡ್ದೆ. ಈಗ ಕಣ್ಣು ಮುಚ್ಚಿದ್ರೆ ಅದೇ ಬಾಯಿ ಬತ್ತದೆ. ಗೆರೆ ಇತ್ತು ಅಂತ ಬೆರಳಿಗೆ ಗೊತ್ತು. ಎಲ್ಲಿತ್ತು ಅಂತ ಕಣ್ಣಿಗೆ ಮರ್ತೋಗೈತೆ."

ಆಚಾರ್ರು ಎದ್ದು ಹೊರಗೆ ಹೋದರು. ಅವರ ಕೈಯ ಮಣ್ಣು ಬಾಗಿಲ ಚೌಕಟ್ಟಿಗೆ ಮೆತ್ತಿಕೊಂಡಿತು.

ಯಜಮಾನರು ಆಮೇಲೆ ಒಂದು ಮಾತು ಕೇಳಿದರು. "ಆ ಸ್ಟುಡಿಯೋದೋನ ಎಐ ಐತಲ್ಲಮ್ಮ. ಅದೇ ತಾನೇ ತೆಗ್ದಿದ್ದು? ಅದುಕ್ಕೇ ಹೇಳಿ ನೋಡು. ಎಡಗಡೆ ಗೆರೆ ಇರಾದೊಂದು, ಬಲಗಡೆ ಇರಾದೊಂದು ಮಾಡ್ಕೊಡ್ಲಿ. ಜೀವ ಇರೋ ಥರ ಬಣ್ಣದಾಗೆ ನೋಡಿದ್ರೆ ನಂಗೆ ಹೊಳೀಬೋದು."

ನನಗೆ ಬೇಡ ಅನ್ನಬೇಕು ಅನ್ನಿಸಿತು. ಎಐ ಇಲ್ಲ ಅಂತ ಚೀಟಿ ಅಚ್ಚು ಹಾಕಿಸಿದವಳು ನಾನು. ಆದರೆ ಎದುರಿಗೆ ಕೂತಿದ್ದ ಮನುಷ್ಯನಿಗೆ ಉಳಿದಿದ್ದ ದಾರಿ ಅದೊಂದೇ. ಅದನ್ನೂ ಮುಚ್ಚುವ ಹಕ್ಕು ನನಗೆಲ್ಲಿದೆ? ನನ್ನ ನಿಯಮ ಸಾಮಾನು ಮಾರಲು ಮಾಡಿಕೊಂಡದ್ದು. ಅವರಿಗೆ ಬೇಕಿದ್ದದ್ದು ಹೆಂಡತಿ. ಆಯಿತು ಅಂದೆ.

ಸ್ಟುಡಿಯೋದವನು ಈ ಸಲ ಬಹಳ ಶ್ರದ್ಧೆಯಿಂದ ಮಾಡಿದ. ಆಚಾರ್ರು ಹೇಳಿದ್ದನ್ನೆಲ್ಲ ನಾನು ಒಂದೊಂದಾಗಿ ಹೇಳಿದೆ: ತುಟಿ ಎಷ್ಟು ಮೇಲೆ ಸೆಳೆದಿರಬೇಕು, ಮೂಗಿನ ಹೊಳ್ಳೆ ಎಷ್ಟು ಅಗಲ. ಅವನು ಟೈಪ್ ಮಾಡಿ ಕೊಟ್ಟಂತೆಲ್ಲ ಎಐ ಮಾಡಿ ಮಾಡಿ ಕೊಟ್ಟಿತು. ಎರಡೂ ಎಷ್ಟು ನಿಜವಾಗಿದ್ದವೆಂದರೆ ನನಗೆ ಭಯವಾಯಿತು. ಹಣ ಬೇಡ ಅಂದ. ಕವರಿನಲ್ಲಿ ಹಾಕಿಕೊಂಡು ಯಜಮಾನರ ಮಂಡಿಗೆ ಹೋದೆ. ಕೊಬ್ಬರಿ ಚೀಲಗಳ ಪಕ್ಕದ ಗಾದಿಯ ಮೇಲೆ ಕೂತಿದ್ದರು. ರಜೆ ಹಾಕಿ ಬಂದಿದ್ದ ಟೀಚರ್ ಬಾಗಿಲಲ್ಲಿ ನಿಂತಿದ್ದರು.

ಯಜಮಾನರು ಒಂದನ್ನು ಎಡ ತೊಡೆಯ ಮೇಲೆ, ಇನ್ನೊಂದನ್ನು ಬಲ ತೊಡೆಯ ಮೇಲೆ ಇಟ್ಟುಕೊಂಡರು. ಮೊದಲನೆಯದನ್ನು ನೋಡಿ ಅವರ ಮುಖ ಅರಳಿತು. "ಇವಳೇ! ಇವಳೇ ಕಣವ್ವ, ನೋಡು" ಅಂತ ಮಗಳನ್ನು ಕರೆದರು. ಟೀಚರ್ ಓಡಿಬಂದರು. ನನ್ನ ಜೀವ ಹಗುರಾಯಿತು.

ಆಮೇಲೆ ಅವರು ಇನ್ನೊಂದನ್ನು ನೋಡಿದರು. ಆ ಅರಳಿದ ಮುಖ ಹಾಗೇ ಇತ್ತು. "ಇವಳೂ..." ಅಂದರು. ಅಲ್ಲಿಂದ ಇಲ್ಲಿಗೆ ನೋಡಿದರು, ಇಲ್ಲಿಂದ ಅಲ್ಲಿಗೆ ನೋಡಿದರು. ಬೆರಳಿನಿಂದ ಎರಡು ತುಟಿಗಳನ್ನೂ ಸವರಿದರು. ಕಾಗದ ನುಣ್ಣಗಿತ್ತು.

"ಗೋಡೆ ಫೋಟೋದೋಳು ಒಬ್ಳು, ಇವರಿಬ್ರು. ಮೂರು ಜನ ಆದ್ರಲ್ಲಮ್ಮ" ಅಂದರು. "ಇವರಲ್ಲಿ ನನ್ನೋಳು ಯಾರು? ಹೇಳಮ್ಮ."

ಆಕೆಯನ್ನು ಒಂದು ದಿನವೂ ಕಾಣದ ನನ್ನನ್ನು ಕೇಳಿದರು.